ಸೊರಬದಲ್ಲಿ ಕಲಿತ ತಂಬುಳಿ

ಬಾಗಿಲು ತಟ್ಟದೆ ಒಬ್ಬ ಹೆಂಗಸು ನೇರ ಅಡುಗೆಮನೆಗೆ ಬಂದು, ಕಾಯಿಸಿಟ್ಟ ಹಾಲಿಗೆ ಬೆರಳದ್ದಿ ಬಿಸಿ ನೋಡಿ, ತನ್ನ ಬಟ್ಟಲಿನ ಮೊಸರನ್ನು ಅದಕ್ಕೆ ಸುರಿದಳು. ಸೊರಬದಲ್ಲಿ ಅದು ನನ್ನ ಮೊದಲ ಬೆಳಗು.

"ಹೆಪ್ಪಿಲ್ಲದ ಮನಿ ಒಂದು ಮನಿ ಏನ್ರೀ ಅಮ್ಮಾರ?" ಪಕ್ಕದ ಮನೆಯ ಪಾರ್ವತಕ್ಕ, ಶಿಕಾರಿಪುರದಿಂದ ಮದುವೆಯಾಗಿ ಬಂದವಳು.

ಮೈಸೂರಿನಲ್ಲಿ ನೆರೆಯವರು ಬೆಲ್ ಒತ್ತಿ ಹೊಸಿಲಾಚೆಯೇ ನಿಲ್ಲುತ್ತಿದ್ದರು. ಕಾನ್ವೆಂಟಿನ ಸಿಸ್ಟರ್ಸ್ ಕಲಿಸಿದ ಮ್ಯಾನರ್ಸ್ ಎಪ್ಪತ್ತೊಂದರ ವಯಸ್ಸಿನಲ್ಲೂ ನನ್ನನ್ನು ಬಿಟ್ಟಿಲ್ಲ. ಆದರೆ ತಂಗಿ ಗಿರಿಜೆಗೆ ಅಂಡಾಶಯದ ಕ್ಯಾನ್ಸರ್, ಗಂಡನಿಲ್ಲ, ಮಕ್ಕಳಿಲ್ಲ. ಬಾಡಿಗೆ ಮನೆ ಬಿಟ್ಟು ಅವಳಲ್ಲಿಗೇ ಬಂದುಬಿಟ್ಟೆ.

ಮೂರು ವಾರಕ್ಕೊಮ್ಮೆ ಶಿವಮೊಗ್ಗದಲ್ಲಿ ಕೀಮೋ. ಶಿಕಾರಿಪುರ ದಾಟುವವರೆಗೆ ಬಸ್ಸಿನ ಕಿಟಕಿಯಾಚೆ ನೋಡುವಳು, ಆಮೇಲೆ ನನ್ನ ಹೆಗಲಿಗೊರಗುವಳು. ಮರಳಿದ ಮೇಲೆ ಗಂಟಲಲ್ಲಿ ಏನೂ ಇಳಿಯುತ್ತಿರಲಿಲ್ಲ. ಪಾರ್ವತಕ್ಕ ತಂಬುಳಿ ಕಲಿಸಿದಳು: ಒಂದೆಲಗದ ಸೊಪ್ಪನ್ನು ಹಸಿಯಾಗಿಯೇ ಅರೆದು ಮೊಸರಿಗೆ ಬೆರೆಸುವುದು. ಗಿರಿಜೆ ನಾಲ್ಕು ತುತ್ತು ಉಂಡು, "ಈಗ ಸೊರಬದವಳಾದೆ ನೋಡು ಅಕ್ಕ" ಎಂದಳು. ಎಷ್ಟು ಪ್ರೌಡ್ ಆಗಿದ್ದೆ!

ಬಿಳಿ ರಕ್ತಕಣ ಕುಸಿದಿರುವಾಗ ಹಸಿ ಸೊಪ್ಪು, ಮನೆಯ ಮೊಸರು ಕೊಡಬೇಡಿ ಎಂದಿದ್ದರು ಡಾಕ್ಟರು. ನಾನೋ, ಫೋನಿನಲ್ಲಿ ಇಂಗ್ಲಿಷ್ ಲೇಖನ ಓದುವವಳು. ಅಂಡಾಶಯದ ಗೆಡ್ಡೆಯಲ್ಲೂ ಸೂಕ್ಷ್ಮಜೀವಿಗಳ ಗುರುತಿದೆಯಂತೆ, ಕರುಳಿನ ಬ್ಯಾಕ್ಟೀರಿಯಾ ಔಷಧಿಗೆ ನೆರವಾಗಬಹುದಂತೆ. ಇದೆಲ್ಲ ಇನ್ನೂ ಸಂಶೋಧನೆಯ ಹಂತದಲ್ಲಿದೆ ಎಂಬ ಸಾಲನ್ನು ಹಾರಿಸಿಬಿಟ್ಟೆ.

"ಡಾಕ್ಟ್ರು ಬ್ಯಾಡ ಅಂದಿದ್ರಲ್ಲ ಅಕ್ಕ?" ಎಂದಳು ಗಿರಿಜೆ.

"ಗುಡ್ ಬ್ಯಾಕ್ಟೀರಿಯಾ ಕಣೆ. ಸುಮ್ನೆ ಉಣ್ಣು."

ಆ ತಂಬುಳಿ ಉಂಡ ನಾಲ್ಕನೆಯ ದಿನ ಚಳಿಜ್ವರ. ಒಂಬತ್ತು ದಿನ ವಾರ್ಡಿನಲ್ಲಿದ್ದಳು. ಕೀಮೋ ನಿಂತಿತು, ಕಾಯಿಲೆಯ ಶುರುವಿನಲ್ಲಿದ್ದಂತೆ ಹೊಟ್ಟೆಯಲ್ಲಿ ಮತ್ತೆ ನೀರು ತುಂಬಿತು.

"ನನ್ನಿಂದಲೇ ಆಯ್ತಾ ಡಾಕ್ಟರ್?"

"ಹೇಳೋಕಾಗಲ್ಲಮ್ಮ. ಅವರದೇ ಕರುಳಿನಿಂದ ಸೋಂಕು ಬಂದಿರಬಹುದು."

"ಗೆಡ್ಡೆಯಲ್ಲಿರೋ ಜೀವಿಗಳು?"

"ಅವು ಕಾಯಿಲೆ ತಂದವೋ, ಕಾಯಿಲೆ ಬಂದ ಮೇಲೆ ಸೇರಿಕೊಂಡವೋ, ನಮಗೂ ಗೊತ್ತಿಲ್ಲ." ಫೈಲು ಮುಚ್ಚಿದರು. "ಇನ್ನು ಕೀಮೋ ತಡ್ಕೊಳ್ಳಲ್ಲ ಇವರು. ಮನೆಗೆ ಕರ್ಕೊಂಡು ಹೋಗಿ."

ಗಿರಿಜೆ ಒಮ್ಮೆಯೂ ನನ್ನನ್ನು ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು. ನಿನ್ನೆ, "ನಾ ಹೋದ್ಮೇಲೆ ಮೈಸೂರಿಗೆ ಹೋಗ್ಬಿಡು ಅಕ್ಕ. ಇಲ್ಲಿ ನಿಂಗ್ಯಾರಿದಾರೆ?" ಎಂದಳು.

ಅಲ್ಲಿ ಮಾತ್ರ ಯಾರಿದ್ದಾರೆ? ಮೈಸೂರಿನ ಗೆಳತಿಯರು ಫೋನಿನಲ್ಲಿ ಈಗಾಗಲೇ "ನಿಮ್ಮೂರಲ್ಲಿ ಮಳೆನಾ?" ಎನ್ನುತ್ತಾರೆ. ಈ ಊರಲ್ಲಿ ನನ್ನ ಹೆಸರನ್ನು ಯಾರೂ ಕೇಳಿಲ್ಲ. ಬಸ್ ಸ್ಟ್ಯಾಂಡಿನ ತರಕಾರಿಯವಳಿಗೆ ನಾನು ಗಿರಿಜಮ್ಮನ ಅಕ್ಕ. ಇನ್ನು ಕೆಲವು ವಾರಗಳ ನಂತರ ಆ ತರಕಾರಿಯವಳು ನನ್ನನ್ನು ಏನೆಂದು ಕರೆಯುತ್ತಾಳೋ ತಿಳಿಯದು.