ಭಾವನ ಎರಡು ಸೀಟಿನ ಕಾರು

ಬೇರೆಯವರು ಕಾರಿಗೆ ಹತ್ತುತ್ತಾರೆ. ನಮ್ಮ ಜಯಕರ ಭಾವ ಇಳಿಯುತ್ತಿದ್ದರು. ಮೊದಲು ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಬಾಗಿಲಿಗೆ ಬೆನ್ನು ಹಾಕಿ, ಬಾವಿಗೆ ಇಳಿಯುವವರ ಹಾಗೆ ಮೆಲ್ಲಗೆ ಕೆಳಗೆ ಹೋಗುತ್ತಿದ್ದರು. ಸೊಂಟ ಸೀಟಿಗೆ ತಾಗಿದಾಗ ಒಂದು ನಿಟ್ಟುಸಿರು. ಆಮೇಲೆ ಒಂದೊಂದೇ ಕಾಲನ್ನು ಕೈಯಲ್ಲಿ ಹಿಡಿದು ಒಳಗೆ ಎಳೆದುಕೊಳ್ಳುವುದು. ಅಷ್ಟು ಹೊತ್ತು ಬಿಸಿಲಲ್ಲಿ ನಿಂತಿರಬೇಕಾದವನು ನಾನು.

ಭಾವ ಅಂದರೆ ನನ್ನ ಸುಮತಿ ಅಕ್ಕನ ಗಂಡ. ಕಾರ್ಕಳದಲ್ಲಿ ನಲವತ್ತು ವರ್ಷ ಗೇರುಬೀಜದ ಫ್ಯಾಕ್ಟರಿ ನಡೆಸಿದವರು. ಅಷ್ಟೂ ವರ್ಷ ಓಡಾಡಿದ್ದು ಒಂದು ಹಳೆ ಜೀಪಿನಲ್ಲಿ. ಅರವತ್ತನಾಲ್ಕನೇ ವಯಸ್ಸಿನಲ್ಲಿ ಫ್ಯಾಕ್ಟರಿಯನ್ನು ಮಗಳಿಗೆ ಒಪ್ಪಿಸಿ, ಮರುತಿಂಗಳೇ ಯಾರನ್ನೂ ಕೇಳದೆ ಬ್ರಿಟಿಷ್ ಕಂಪನಿಯ ಹೊಚ್ಚಹೊಸ ಸ್ಪೋರ್ಟ್ಸ್ ಕಾರು ತಂದರು. ಕಡು ಹಸಿರು ಬಣ್ಣ, ಎರಡೇ ಸೀಟು, ತಲೆಯ ಮೇಲೆ ಬೇಕಾದಾಗ ಮಡಚಿಡಬಹುದಾದ ಬಟ್ಟೆಯ ಮಾಡು. ಡಿಕ್ಕಿಯಲ್ಲಿ ಒಂದು ಹಲಸಿನ ಹಣ್ಣು ಹಿಡಿಯುತ್ತದೆ, ಎರಡು ಹಿಡಿಯುವುದಿಲ್ಲ. ಅದನ್ನು ಭಾವನೇ ಇಟ್ಟು ನೋಡಿ ಖಚಿತಪಡಿಸಿಕೊಂಡಿದ್ದರು.

"ಎಂತಕ್ಕೆ ಭಾವ ಇದು?" ಎಂದು ಕೇಳಿದೆ.

"ನಲವತ್ತು ವರ್ಷ ಕೆಲಸಕ್ಕೆ ಬರುವ ಸಾಮಾನೇ ತಗೊಂಡೆ ಮಾರಾಯ. ಬಾಯ್ಲರು, ಡ್ರೈಯರು, ಜೀಪು. ಕೆಲಸಕ್ಕೆ ಬಾರದ್ದು ಒಂದಾದ್ರೂ ತಗೊಳ್ಳುವಾ ಅಂತ."

ಅಕ್ಕ ಮಂಡಿನೋವಿನ ನೆಪ ಹೇಳಿ ಆ ಕಾರಿನಲ್ಲಿ ಕೂರುವುದಿಲ್ಲ ಎಂದು ಮೊದಲ ದಿನವೇ ತೀರ್ಮಾನಿಸಿದಳು. ಹಾಗಾಗಿ ಇನ್ನೊಂದು ಸೀಟು ನನ್ನ ಪಾಲಿಗೆ ಬಂತು.

ನನಗೆ ಇನ್ನೂ ಒಂದು ಕಷ್ಟ ಇತ್ತು. ನಾನು ರಸ್ತೆ ಕೆಲಸದ ಗುತ್ತಿಗೆದಾರ. ಆ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಮೊದಲ ದಿನವೇ ಮನೆಯ ಗೇಟಿನ ಏರಿನಲ್ಲಿ ಅದು ಕರ್‌ರ್ ಎಂದು ಕೆರೆಯಿತು. ಏರನ್ನು ಕಡಿದು ಸಮ ಮಾಡುವ ಕೆಲಸ ನನಗೆ ಬಂತು. ಒಂದಲ್ಲ, ಮೂರು ಸಲ ಕಡಿಸಿದರು. ಮೂರನೆಯ ಸಲ ಕಾಂಕ್ರೀಟಿನ ಮೇಲೆ ಕವುಚಿ ಮಲಗಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ ನೋಡಿದರು. "ಈಗ ಅಡ್ಡಿ ಇಲ್ಲ," ಎಂದರು. ನನ್ನ ಕೆಲಸವನ್ನು ಅವರು ಹೊಗಳಿದ್ದು ಅಷ್ಟೇ.

ದಾರಿಯಲ್ಲಿ ಪ್ರತಿ ಸ್ಪೀಡ್ ಹಂಪಿನ ಮುಂದೆಯೂ ಕಾರು ಪೂರ್ತಿ ನಿಲ್ಲುತ್ತಿತ್ತು. "ಇದು ನೀನು ಮಾಡಿದ್ದಾ?" ಎಂದು ನನ್ನ ಕಡೆ ತಿರುಗುತ್ತಿದ್ದರು. ನಾನು ಮಾಡದಿದ್ದದ್ದಕ್ಕೂ ನಾನೇ ಜವಾಬ್ದಾರ. ಆಮೇಲೆ ಕಾರನ್ನು ಓರೆ ಮಾಡಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸುವ ಹೊತ್ತಿಗೆ ಹಿಂದೆ ಮೂರು ಬಸ್ಸು ನಿಂತು ಹಾರ್ನ್ ಬಾರಿಸುತ್ತಿದ್ದವು.

ಹೆದ್ದಾರಿಗೆ ಬಂದ ಮೇಲಾದರೂ ಜೋರಾಗಿ ಓಡಿಸುತ್ತಾರೆ ಎಂದುಕೊಂಡರೆ ಅದೂ ಇಲ್ಲ. ಕಾರಿನ ಜೊತೆ ಬಂದಿದ್ದ ದಪ್ಪ ಪುಸ್ತಕವನ್ನು ಅವರು ಮೊದಲ ಪುಟದಿಂದ ಕೊನೆಯವರೆಗೆ, ಅಡಿಗೆರೆ ಎಳೆದು ಓದಿದ್ದರು. ಹೊಸ ಎಂಜಿನ್ನನ್ನು ಮೊದಮೊದಲು ಜೋರಾಗಿ ಓಡಿಸಬಾರದು ಎಂದು ಅದರಲ್ಲಿ ಇತ್ತಂತೆ. ಉದ್ಯಾವರದ ಸೇತುವೆಯ ಮೇಲೆ ಒಮ್ಮೆ ಕೋಳಿ ಸಾಗಿಸುವ ಟೆಂಪೋ ನಮ್ಮನ್ನು ಹಿಂದೆ ಹಾಕಿತು. ನಾನು ತಡೆಯಲಾಗದೆ, "ಭಾವ, ಐವತ್ತಕ್ಕಾದರೂ ಹೋಗಿ. ಮರ್ಯಾದೆ ಉಂಟಲ್ಲ!" ಎಂದೆ.

"ರನ್ನಿಂಗ್ ಇನ್ ಮಾರಾಯ. ಪುಸ್ತಕದಲ್ಲಿ ಹಾಗೆ ಉಂಟು. ಅವನಿಗೆ ಕೋಳಿ ಸಾಯುವ ಮೊದಲು ಪೇಟೆ ಮುಟ್ಟಬೇಕು. ನಮಗೆ ಎಂತ ಅರ್ಜೆಂಟು?"

ಮಣಿಪಾಲಕ್ಕೆ ಹೋದರೆ ಇನ್ನೊಂದು ಹಿಂಸೆ. ಕಾಲೇಜಿನ ಹುಡುಗ ಹುಡುಗಿಯರು ಮುತ್ತಿಕೊಂಡು ಫೋಟೋ ತೆಗೆಯುತ್ತಿದ್ದರು. ಭಾವ ಪ್ರತಿಯೊಬ್ಬರಿಗೂ ಕಾರಿನ ಹೆಸರು, ಎಂಜಿನ್ನಿನ ಶಕ್ತಿ, ಮಾಡು ಮಡಚುವ ವಿಧಾನ ಎಲ್ಲವನ್ನೂ ವಿವರಿಸಿ, ಕೊನೆಗೆ "ನಿಮ್ಮದು ಯಾವ ಊರು? ಊಟ ಎಲ್ಲಿ?" ಎಂದು ವಿಚಾರಿಸುತ್ತಿದ್ದರು. ನಾನು ಸೀಟಿನಲ್ಲಿ ಇನ್ನೂ ಕೆಳಗೆ ಜಾರಿ ಮುಖ ಮರೆಸಿಕೊಳ್ಳುತ್ತಿದ್ದೆ.

ಹೀಗೆ ಎರಡು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಪರ್ಕಳದಲ್ಲಿ ಕೆಲಸ ಮಾಡುತ್ತಿದ್ದ ನನ್ನ ಮೇಸ್ತ್ರಿ ಫೋನ್ ಮಾಡಿದ. "ನಿಮ್ಮ ಭಾವನ ಹಸಿರು ಕಾರು ಇಲ್ಲಿ ರಸ್ತೆ ಬದಿಯಲ್ಲಿ ಉಂಟು. ಬಾಗಿಲು ತೆರೆದೇ ಉಂಟು. ಜನ ಇಲ್ಲ."

ಓಡಿಹೋದೆ. ಕೀಲಿ ಕಾರಿನಲ್ಲೇ ಇತ್ತು. ಬ್ರೇಕಿನ ಕೆಳಗೆ ಭಾವನ ಒಂದು ಚಪ್ಪಲಿ. ಕಾರಿನ ಹಿಂದೆ, ಹಿರಿಯಡ್ಕದ ಕಡೆಯಿಂದ ಬರುವ ರಸ್ತೆಯಲ್ಲಿ, ಕಣ್ಣು ಹೋಗುವಷ್ಟು ದೂರ ಎಂಜಿನ್ ಆಯಿಲಿನ ಕಪ್ಪು ಗೆರೆ. ಪಕ್ಕದ ಅಂಗಡಿಯವರು ಹೇಳಿದರು: "ಒಬ್ಬ ಹೆಂಗಸನ್ನು ಎತ್ತಿಕೊಂಡು ಮೀನಿನ ಟೆಂಪೋ ಹತ್ತಿದರು. ಮಣಿಪಾಲದ ಆಸ್ಪತ್ರೆಗೆ ಅಂತ."

ನಡೆದದ್ದು ಇಷ್ಟು. ಫ್ಯಾಕ್ಟರಿಯಲ್ಲಿ ಬೀಜದ ಸಿಪ್ಪೆ ತೆಗೆಯುವ ಅಪ್ಪಿ ಎಂಬಾಕೆಗೆ ಸೌದೆ ರಾಶಿಯ ಹತ್ತಿರ ಹಾವು ಕಚ್ಚಿತ್ತು. ಊರಿನ ಡಾಕ್ಟರು ನೋಡಿ, ಮಣಿಪಾಲಕ್ಕೆ ಕೂಡಲೇ ಕೊಂಡುಹೋಗಿ ಎಂದಿದ್ದರು. ಆಂಬುಲೆನ್ಸ್ ಬೇರೆ ರೋಗಿಯನ್ನು ಕರೆದುಕೊಂಡು ಹೋಗಿತ್ತು. ಜೀಪನ್ನು ಮಗಳು ಮಂಗಳೂರಿಗೆ ಒಯ್ದಿದ್ದಳು. ಗೇಟಿನಲ್ಲಿ ನಿಂತಿದ್ದದ್ದು ಇದೊಂದೇ ಕಾರು.

ಎಮರ್ಜೆನ್ಸಿಯ ಹೊರಗಿನ ಬೆಂಚಿನಲ್ಲಿ ಭಾವ ಕುಳಿತಿದ್ದರು. ಒಂದೇ ಕಾಲಿಗೆ ಚಪ್ಪಲಿ, ಪಂಚೆಯೆಲ್ಲ ಮೀನಿನ ನೀರು. ನನ್ನನ್ನು ಕಂಡ ಕೂಡಲೇ ಎದ್ದು ನಿಂತು ಬೊಬ್ಬೆ ಹಾಕಿದರು.

"ಹಿರಿಯಡ್ಕದ ಹತ್ತಿರ ಎಷ್ಟು ಹಂಪ್ ಹಾಕಿದ್ದೀ ನೀನು? ಸಾಲಾಗಿ ಐದು! ಒಂದಕ್ಕೂ ಬ್ರೇಕ್ ಹಾಕಲಿಲ್ಲ ನಾನು. ಐದನೆಯದ್ದು ಹೊಟ್ಟೆ ಸೀಳಿತು."

"ಅಲ್ಲಿ ಶಾಲೆ ಉಂಟು ಭಾವ. ಮಕ್ಕಳು ರಸ್ತೆ ದಾಟುವ ಜಾಗ."

"ಅದೂ ಹೌದು," ಎಂದು ಭಾವ ಕುಳಿತುಬಿಟ್ಟರು. "ಅವಳು ದಾರಿಯಲ್ಲಿ ಮಾತಾಡುವುದು ನಿಲ್ಲಿಸಿದಳು ದಿನೇಶ. ನಾನು ಅಪ್ಪೀ ಅಪ್ಪೀ ಅಂತ ಕರೀತಾ ಬಂದೆ. ನನಗೆ ಅವಳ ಗಂಡನ ಮುಖ ನೋಡ್ಲಿಕ್ಕೆ ಆಗ್ತದಾ ಅಂತ ಅದೇ ಯೋಚನೆ."

ಅಪ್ಪಿ ಬದುಕಿದಳು. ತಿಂಗಳಾದ ಮೇಲೆ ಕೆಲಸಕ್ಕೂ ಬಂದಳು. ಎಣ್ಣೆಯಿಲ್ಲದೆ ಓಡಿದ ಎಂಜಿನ್ ಮಾತ್ರ ಪೂರ್ತಿ ಹಾಳಾಗಿತ್ತು. ಭಾಗಗಳು ಹಡಗಿನಲ್ಲಿ ಬರಬೇಕಿತ್ತು. ಆರು ತಿಂಗಳು ಕಾರು ಉದ್ಯಾವರದ ವರ್ಕ್‌ಶಾಪಿನಲ್ಲಿ ಬಿದ್ದಿತ್ತು. ಅದರ ನಡುವೆ ಭಾವನಿಗೆ ಎದೆನೋವು ಬಂದು, ಇನ್ನು ಡ್ರೈವಿಂಗ್ ಬೇಡ ಎಂದು ಡಾಕ್ಟರು ಹೇಳಿದರು.

ಕಾರು ಸಿದ್ಧವಾದ ದಿನ ಭಾವ ಕೀಲಿಯನ್ನು ನನ್ನ ಕೈಗೆ ಕೊಟ್ಟರು. "ಕಾರು ನೀನೇ ಬಿಡು. ಕಾಪುವಿಗೆ ಹೋಗಿ ಸ್ವಲ್ಪ ಸಮುದ್ರ ನೋಡಿ ಮನೆಗೆ ಹೋಗುವಾ."

ಕಾಪುವಿನವರೆಗೆ ಸರಿಯಿದ್ದರು. ಲೈಟ್‌ಹೌಸಿನ ಹತ್ತಿರ ಬೊಂಡದ ಎಳನೀರು ಕುಡಿದು, ಮಾಡು ತೆಗೆಸಿ, ಗಾಳಿಗೆ ಮುಖವೊಡ್ಡಿ ಕುಳಿತರು. ಶಿರ್ವದ ದಾರಿ ಹಿಡಿದದ್ದೇ ತಡ, ಶುರುವಾಯಿತು. "ಗೇರ್ ಬದಲಿಸು. ಇಷ್ಟು ಬೇಗ ಅಲ್ಲ. ಎಡಕ್ಕೆ ಹೊಂಡ ಉಂಟು. ಹೊಸ ಎಂಜಿನ್ ಅಲ್ವಾ, ಮೆಲ್ಲ, ಮೆಲ್ಲ." ಇಪ್ಪತ್ತು ನಿಮಿಷ ಕೇಳಿಸಿಕೊಂಡೆ. ಶಿರ್ವ ಪೇಟೆ ದಾಟಿದ ಮೇಲೆ ನನ್ನ ತಾಳ್ಮೆ ತಪ್ಪಿತು.

"ಭಾವ, ಒಮ್ಮೆ ಬಾಯಿ ಮುಚ್ಚಿ ಕೂತುಕೊಳ್ತೀರಾ? ನನಗೆ ಸಾಕಾಗಿ ಹೋಯ್ತು ನಿಮ್ಮ ಈ ಕಾರು!"

ಅಕ್ಕನ ಮದುವೆಯಾದಂದಿನಿಂದ ನಾನು ಅವರಿಗೆ ದನಿ ಎತ್ತಿ ಮಾತಾಡಿದವನಲ್ಲ. ಭಾವ ನನ್ನ ಮುಖ ನೋಡಿದರು. ಆಮೇಲೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ರಸ್ತೆ ನೋಡುತ್ತ ಕುಳಿತರು. ಬೆಳ್ಮಣ್ ದಾಟಿತು, ಕಾರ್ಕಳ ಬಂತು, ಒಂದು ಮಾತಿಲ್ಲ. ಕ್ಷಮೆ ಕೇಳಬೇಕೆಂದು ಎರಡು ಸಲ ಬಾಯಿಗೆ ಬಂತು. ಮನೆಯಲ್ಲಿ ಕೇಳಿದರಾಯಿತು ಎಂದುಕೊಂಡೆ.

ಮನೆಯ ಅಂಗಳದಲ್ಲಿ ಇಳಿದ ಮೇಲೆ ಅವರೇ ಮಾತಾಡಿದರು. "ನಿನ್ನ ಅಕ್ಕ ಬಂಗುಡೆ ಮೀನಿನ ಪುಳಿಮುಂಚಿ ಮಾಡಿದ್ದಾಳೆ. ಊಟ ಮಾಡಿ ಹೋಗು ದಿನೇಶ."

ನನಗೆ ಅವರ ಎದುರು ಕೂತು ಉಣ್ಣಲು ನಾಚಿಕೆಯಾಯಿತು. "ಇಲ್ಲ ಭಾವ, ಸೈಟಿಗೆ ಕಾಂಕ್ರೀಟ್ ಲಾರಿ ಬರ್ತದೆ. ಆದಿತ್ಯವಾರ ಬರ್ತೇನೆ," ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದೆ. ಭಾವ ಗೇಟಿನವರೆಗೆ ಬಂದು ನಿಂತರು.

ಶುಕ್ರವಾರ ಬೆಳಿಗ್ಗೆ ಅಕ್ಕನ ಫೋನ್ ಬಂತು. ಭಾವ ನಿದ್ದೆಯಲ್ಲೇ ಹೋಗಿದ್ದರು.

ಅವರು ಊಟಕ್ಕೆ ಕರೆದ ದಿನ ನನ್ನ ಸೈಟಿಗೆ ಯಾವ ಲಾರಿಯೂ ಬರುವುದಿರಲಿಲ್ಲ.