ಜಿಲ್ಲೆ ಬಳ್ಳಾರಿ, ಕ್ಷೇತ್ರ ಕೊಪ್ಪಳ

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಮನೆ ಮಾಡಿಕೊಂಡಿದ್ದ ಪದ್ಮಾಬಾಯಿಯವರು ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನ ಕಲಿಸುತ್ತಿದ್ದರು. ಮತದಾನದ ಪಾಠ ಬಂದರೆ ಅವರಿಗೆ ಹಬ್ಬ ಬಂದಂತೆ. ಬೂಟಿನ ಡಬ್ಬಿಗೆ ಸೀಳು ಕೊಯ್ದು ಮತಪೆಟ್ಟಿಗೆ ಮಾಡಿ, ತರಗತಿಯ ಮುಂದಾಳನ್ನು ಮಕ್ಕಳ ಕೈಯಿಂದಲೇ ಆರಿಸುತ್ತಿದ್ದರು. ಸೋತ ಹುಡುಗಿ ಅತ್ತರೆ, "ಅತ್ತುಬಿಡವಾ. ಆದರ ಮುಂದಿನ ಸರ್ತಿ ಮತ್ತ ನಿಲ್ಲು" ಎಂದು ತಲೆ ಸವರುತ್ತಿದ್ದರು.

ಇಂಥವರು ತಾವು ಓಟು ಹಾಕಿ ಎಷ್ಟೋ ವರ್ಷಗಳಾಗಿದ್ದವು ಎಂದರೆ ಯಾರೂ ನಂಬಲಾರರು. ಚುನಾವಣೆ ಬಂತೆಂದರೆ ಅವರಿಗೆ ಯಾವುದೋ ಊರಿನ ಮತಗಟ್ಟೆಯಲ್ಲಿ ಕೆಲಸ ಬಿದ್ದೇ ಬೀಳುತ್ತಿತ್ತು. ಕೆಲಸಕ್ಕೆ ಹೋದವರಿಗೆ ಅಂಚೆಯ ಮತಪತ್ರವೇ ಗತಿ. ಒಂದು ಸಲ ಆ ಮತಪತ್ರ ಮನೆ ಮುಟ್ಟಿದಾಗ ಗೆದ್ದವರು ಬೀದಿಯಲ್ಲಿ ಪಟಾಕಿ ಹೊಡೆಯುತ್ತಿದ್ದರು. ಇನ್ನೊಂದು ಸಲ ಅರ್ಜಿಯಲ್ಲಿ ಏನೋ ಸಂಖ್ಯೆ ತಪ್ಪಿದೆಯೆಂದು ಮತಪತ್ರವೇ ಬರಲಿಲ್ಲ. ಮಗಳು ಶ್ರೀವಾಣಿ ಶಾಯಿ ಹಚ್ಚಿದ ಬೆರಳನ್ನು ತಾಯಿಯ ಮುಖದ ಮುಂದೆ ಆಡಿಸಿ, "ಮದುವಿ ಮಾಡಿಸಿದ ಆಚಾರ್ರಿಗೇ ಊಟ ಇಲ್ಲದಂಗಾತು ನೋಡಮ್ಮ ನಿಂದು" ಎಂದು ಕಾಡಿಸುತ್ತಿದ್ದಳು. ಪದ್ಮಾಬಾಯಿಯವರು ನಗುತ್ತಿದ್ದರು. ಒಳಗೊಳಗೆ ಉರಿಯುತ್ತಿತ್ತು.

ಎರಡು ಸಾವಿರದ ಇಪ್ಪತ್ತನಾಲ್ಕರ ಲೋಕಸಭಾ ಚುನಾವಣೆ ಅವರ ನೌಕರಿಯಲ್ಲಿ ಕೊನೆಯದು. ನಿವೃತ್ತಿ ಹತ್ತಿರವಿತ್ತು. ಈ ಸಲವಾದರೂ ಕೆಲಸವನ್ನೂ ಮಾಡಿ ಓಟನ್ನೂ ಹಾಕಬೇಕು ಎಂದು ಅವರು ಹಟ ತೊಟ್ಟರು.

ಚುನಾವಣಾ ತರಬೇತಿ ಮುಗಿದ ಮೇಲೆ ಅಂಚೆ ಮತಪತ್ರದ ಅರ್ಜಿ ಕೊಡುವ ಮೇಜಿನ ಮುಂದೆ ನೂಕುನುಗ್ಗಲು. ಫ್ಯಾನು ತಿರುಗಿದರೂ ಬೆಂಕಿಯ ಗಾಳಿ. ಮೇಜಿನ ಹಿಂದಿದ್ದ ಗುಮಾಸ್ತ ಅವರ ಆದೇಶವನ್ನು ನೋಡಿ, "ಸಿರುಗುಪ್ಪಾ ಏನ್ರಿ? ನಮ್ಮ ಜಿಲ್ಲಾನ ಅಲ್ಲೇನ್ರಿ ಅದು! ಅಂಚಿ ಗಿಂಚಿ ಯಾಕ? ಈ ಪ್ರಮಾಣಪತ್ರ ಒಯ್ರಿ, ನೀವು ಕುಂತ ಬೂತಿನ್ಯಾಗ ಒತ್ತಿ ಬರ್ರಿ" ಎಂದ. ಮತಗಟ್ಟೆಯ ಸಿಬ್ಬಂದಿ ತಾವು ಕೆಲಸ ಮಾಡುವ ಕಡೆಯೇ ಮತ ಹಾಕಲು ಕೊಡುವ ಪ್ರಮಾಣಪತ್ರ ಅದು. ಪದ್ಮಾಬಾಯಿಯವರು ಸಂತೋಷದಲ್ಲಿ ಮುಂದಿನದನ್ನು ಯೋಚಿಸಲಿಲ್ಲ. ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಅದನ್ನು ಸುತ್ತಿ ಚೀಲದ ತಳಕ್ಕೆ ಇಟ್ಟುಕೊಂಡರು.

ಅವರ ಪಾಲಿಗೆ ಬಂದದ್ದು ಸಿರುಗುಪ್ಪ ತಾಲೂಕಿನ ದೇಶನೂರಿನ ಮತಗಟ್ಟೆ. ಕುರುಗೋಡಿನ ಕಾಲೇಜೊಂದರ ಉಪನ್ಯಾಸಕ ದಾದಾಪೀರ್ ಅಲ್ಲಿಯ ಮುಖ್ಯ ಅಧಿಕಾರಿ. ಮತದಾನದ ದಿನ ಬೆಳಿಗ್ಗೆ ಮತಯಂತ್ರವನ್ನು ಪರೀಕ್ಷಿಸುವಾಗ ಪದ್ಮಾಬಾಯಿಯವರು ಅದರ ಮೇಲಿನ ಹೆಸರುಗಳನ್ನು ಓದಿದರು. ಒಬ್ಬರೂ ಬಳ್ಳಾರಿಯ ಅಭ್ಯರ್ಥಿಯಲ್ಲ! ಸಿರುಗುಪ್ಪ ತಾಲೂಕು ಇರುವುದು ಬಳ್ಳಾರಿ ಜಿಲ್ಲೆಯಲ್ಲಿ, ಆದರೆ ಲೋಕಸಭೆಗೆ ಅದು ಸೇರಿರುವುದು ಕೊಪ್ಪಳ ಕ್ಷೇತ್ರಕ್ಕೆ. ಮಕ್ಕಳ ಕೈಯಿಂದ ನಕ್ಷೆಯ ಮೇಲೆ ಬಣ್ಣ ತುಂಬಿಸಿದ ವಿಷಯವಿದು. ಅಷ್ಟರಲ್ಲಿ ಬಾಗಿಲಲ್ಲಿ ಸಾಲು ಕೂಡಿತ್ತು. ಯಾರನ್ನೂ ಕೇಳಲು ಹೊತ್ತು ಸಿಗಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಆ ಊರಿಗೆ ಸೊಸೆಯಾಗಿ ಬಂದಿದ್ದ ಹೊನ್ನೂರಮ್ಮ ಓಟು ಹಾಕಲು ಬಂದಳು. ಸೀರೆಯ ಅಂಚಿಗೆ ಗದ್ದೆಯ ಹುಲ್ಲು ಇನ್ನೂ ಅಂಟಿಕೊಂಡಿತ್ತು. ಮತದಾರರ ಪಟ್ಟಿಯಲ್ಲಿ ಹೆಸರುಗಳನ್ನು ನೋಡುವ ಕೆಲಸ ಪದ್ಮಾಬಾಯಿಯವರದು. ಎಷ್ಟು ಹುಡುಕಿದರೂ ಅವಳ ಹೆಸರು ಸಿಗಲಿಲ್ಲ. ಗುರುತಿನ ಚೀಟಿಯಲ್ಲಿದ್ದದ್ದು ತವರಾದ ಕುರುಗೋಡಿನ ವಿಳಾಸ.

"ನಿನ್ನ ಓಟು ಕುರುಗೋಡಿನಾಗದ ತಾಯಿ. ಇನ್ನೂ ಹೊತ್ತದ, ಬಸ್ ಹತ್ತಿದರ ಸಿಗ್ತದ. ಹೆಣ್ಮಕ್ಕಳಿಗೆ ಬಸ್ ಹೆಂಗೂ ಫ್ರೀ."

"ಬಸ್ ಫ್ರೀ ಐತ್ರಿ ಅಕ್ಕಾರ. ಹೊತ್ತು ಫ್ರೀ ಐತೇನು?" ಹೊನ್ನೂರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಕೊಯ್ಲು ಬಿಟ್ಟು ಬಂದೀನಿ. ಲಗ್ನ ಆದಾಗ ರೇಷನ್ ಕಾರ್ಡಿನ್ಯಾಗ ನನ್ನ ಹೆಸರು ಇಲ್ಲಿಗೇ ಬಂತು. ಓಟು ಮಾತ್ರ ಯಾಕ ತವರುಮನಿ ಬಿಡವಲ್ಲದು?"

ಪದ್ಮಾಬಾಯಿಯವರು ನಿಯಮ ಹೇಳಿ ಕಳಿಸಿದರು. ಅವಳು ಬಸ್‌ಸ್ಟ್ಯಾಂಡಿನ ಕಡೆಗೆ ಹೋಗದೆ ಗದ್ದೆಯ ಕಡೆಗೆ ಹೊರಳಿದ್ದು ಕಿಟಕಿಯಲ್ಲಿ ಕಂಡಿತು.

ಊಟದ ಹೊತ್ತಿಗೆ ಜನ ಕಡಿಮೆಯಾದರು. ಪದ್ಮಾಬಾಯಿಯವರು ಪ್ರಮಾಣಪತ್ರವನ್ನು ದಾದಾಪೀರರ ಮುಂದೆ ಇಟ್ಟರು. ಅವರು ಎರಡು ಸಲ ಓದಿದರು.

"ಅಕ್ಕಾರ, ಇದು ತಪ್ಪಾಗೈತ್ರಿ. ನಿಮ್ಮ ಕ್ಷೇತ್ರದಾಗ ಡ್ಯೂಟಿ ಇದ್ದರ ಮಾತ್ರ ಇದು ನಡೀತೈತಿ. ನಿಮಗ ಅಂಚಿ ಮತಪತ್ರಾನ ಕೊಡಬೇಕಿತ್ತು."

"ನಾನು ಕೇಳಿದ್ದು ಅದನ್ನೇರಿ. ಅವರೇ ಬ್ಯಾಡಂದ್ರು. ಈಗ ಓಡಿಹೋದರ ನಮ್ಮ ಬೂತಿನಾಗರೆ ಹಾಕ್ಲಿಕ್ಕೆ ಬರ್ತದೇನು?"

"ಎಲ್ಲಿ ಬರ್ತೈತ್ರಿ? ಇದು ಕೊಟ್ಟ ಮ್ಯಾಲ ಅಲ್ಲಿ ನಿಮ್ಮ ಹೆಸರಿಗೆ ಗುರುತು ಹಾಕಿರ್ತಾರ."

ಗೋಡೆಗೆ ಒರಗಿ ಕುಳಿತಿದ್ದ ಒಂದು ಪಕ್ಷದ ಏಜೆಂಟ ಅಂಜಿನೇಯ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಹಾಕ್ಲಿ ಬಿಡ್ರಿ ಸಾರ್, ಮುಂಜಾನಿಂದ ನೀರು ಕುಡುದು ಕುಂತಾರ ಅಕ್ಕಾರು. ನಮ್ಮದೇನು ಅಡ್ಡಿ ಇಲ್ಲ."

"ನಂದೂ ಇಲ್ಲ," ಎಂದ ಎದುರು ಪಕ್ಷದ ಎರ್ರಿ. "ನಮ್ಮ ಗುರ್ತಿಗೆ ಒತ್ತಿದರ ಸಾಕು."

"ಏ ಎರ್ರೀ, ಸುಮ್ಕ ಕುಂದ್ರಲೇ! ಬೂತಿನ್ಯಾಗ ಪ್ರಚಾರ ಮಾಡ್ತಿಯೇನು?" ಎಂದು ಅಂಜಿನೇಯ ಗದರಿದ.

ಎಲ್ಲರೂ ನಕ್ಕರು. ಬೆಳಗಿನಿಂದ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದ ಈ ಇಬ್ಬರು ಒಪ್ಪಿದ ಮಾತು ಅದೊಂದೇ. ದಾದಾಪೀರರು ಕನ್ನಡಕ ತೆಗೆದು ಒರೆಸಿದರು. ಅವರ ಮನಸ್ಸೂ ಮೆತ್ತಗಾದಂತಿತ್ತು.

"ಬ್ಯಾಡ್ರಿ," ಎಂದರು ಪದ್ಮಾಬಾಯಿ. "ಆ ಹೊನ್ನೂರಮ್ಮನ್ನ ಹಿಂದಕ್ಕೆ ಕಳಿಸಿದ ಬಾಯಿ ಇದೇ. ಅವಳಿಗೊಂದು ನ್ಯಾಯ ನನಗೊಂದಾ? ಮ್ಯಾಲ, ನಾನು ಓಟು ಹಾಕಬೇಕಂದದ್ದು ನಮ್ಮೂರಿನವರಿಗೆ. ಕೊಪ್ಪಳದವರಿಗೆ ಹಾಕಿ ನಾನೇನು ಮಾಡ್ಲಿ?"

ಹಾಳೆಯನ್ನು ಮಡಚಿ ತಮ್ಮ ಕುರ್ಚಿಗೆ ಮರಳಿದರು. ಮುಂದಿನ ಮತದಾರನ ಹೆಸರನ್ನು ಕೂಗಿ ಓದಿದರು.

ಕೆಲವು ದಿನಗಳಾದ ಮೇಲೆ, ಶಾಲೆಯ ಬೇಸಿಗೆ ರಜೆಯ ಒಂದು ಮುಂಜಾನೆ, ಚುನಾವಣಾ ಕಚೇರಿಯಿಂದ ಫೋನು ಬಂತು.

"ಮೇಡಂ, ಚುನಾವಣಾ ಸಿಬ್ಬಂದಿ ನೂರಕ್ಕ ನೂರು ಮತದಾನ ಮಾಡಬೇಕಂತ ಆದೇಶ ಇತ್ರಿ. ನಿಮ್ಮದು ಆಗಿಲ್ಲ ಅಂತ ತೋರಿಸ್ತೈತಿ. ಯಾಕ್ರಿ?"

ಪದ್ಮಾಬಾಯಿಯವರು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಿದರು. "ಡ್ಯೂಟಿ ಆದೇಶದ ಮ್ಯಾಲ ಜಿಲ್ಲಾದ ಹೆಸರು ಹಾಕ್ತೀರಿ. ಅದರ ಬದಲು ಕೆಲಸದ ಕ್ಷೇತ್ರ ಯಾವುದು, ಓಟಿನ ಕ್ಷೇತ್ರ ಯಾವುದು, ಎರಡೂ ದಪ್ಪ ಅಕ್ಷರದಾಗ ಹಾಕ್ರಿ. ಎರಡೂ ಬ್ಯಾರೆ ಇದ್ದವರಿಗೆ ಮತಪತ್ರ ಕೊಟ್ಟೇ ಹೊರಗ ಬಿಡ್ರಿ. ಇಷ್ಟು ಮಾಡಿದರ ನನ್ನಂಥೋರು ಉಳೀತಾರ."

"ಅದು ನಮ್ಮ ಕೈಯಾಗ ಇಲ್ರಿ ಮೇಡಂ. ನನಗ ಕಾರಣ ಒಂದು ಹೇಳ್ರಿ ಸಾಕು. ಕಂಪ್ಯೂಟರಿನ್ಯಾಗ ಮೂರೇ ಅದಾವು. ಅನಾರೋಗ್ಯ, ಗೈರುಹಾಜರಿ, ನಿರಾಸಕ್ತಿ. ಮೊದಲಿನ ಎರಡು ನಿಮಗ ಹೊಂದಂಗಿಲ್ಲ. ನಿರಾಸಕ್ತಿ ಅಂತ ಒತ್ತಲೇನ್ರಿ?"

ಪದ್ಮಾಬಾಯಿಯವರ ಕಿವಿಯ ತುದಿ ಬಿಸಿಯಾಯಿತು. ಇಷ್ಟು ವರ್ಷ ಮಣ್ಣು ರಸ್ತೆಗಳಲ್ಲಿ ಲಾರಿ, ಟ್ರ್ಯಾಕ್ಟರು ಹತ್ತಿ ಪರವೂರಿನ ಶಾಲೆಗಳ ನೆಲದ ಮೇಲೆ ಮಲಗಿದ್ದಕ್ಕೆ ಕೊನೆಗೆ ಸಿಕ್ಕ ಹೆಸರು ಇದೇನು?

"ಒತ್ತಬ್ಯಾಡ್ರಿ. ನೀವು ಯಾವ ಕಟ್ಟಡದಾಗ ಕೂತೀರಿ?"

"ಯಾಕ್ರಿ ಮೇಡಂ?"

"ನಾಲ್ಕನೇದೊಂದು ಕಾರಣ ಬರೆಸ್ಲಿಕ್ಕೆ ಬರ್ತೀನಿ. ನಿಮ್ಮ ಕೈಯಾಗ ಇಲ್ಲಂದ್ರ ಯಾರ ಕೈಯಾಗದ ಅವರನ್ನ ತೋರಿಸ್ರಿ."

ಶ್ರೀವಾಣಿ ಒಳಗಿನಿಂದ, "ಅಮ್ಮಾ, ಹೊರಗ ಕೆಂಡ ಸುರದಂಗ ಐತಿ, ಸಂಜಿಗೆ ಹೋಗು" ಎಂದಳು.

"ಸಂಜಿಗೆ ಅವರು ಇರಂಗಿಲ್ಲ. ನೀ ಉಂಡುಬಿಡು, ನನಗ ಕಾಯಬ್ಯಾಡ" ಎಂದು ಪದ್ಮಾಬಾಯಿಯವರು ಚಪ್ಪಲಿ ಮೆಟ್ಟಿ, ಆಟೋ ನಿಲ್ಲುವ ಮೂಲೆಯ ಕಡೆಗೆ ಬಿರುಬಿರನೆ ನಡೆದರು.