ಪಾಟಿಯ ಹೊಗೆಗೂಡು, ನನ್ನ ಘಾಟು

ಮೆಣಸಿನಕಾಯಿ ಹುರಿದದ್ದಕ್ಕೆ ಪಕ್ಕದ ಮನೆಯವರು ಬೀದಿಗೆ ಓಡಿದ್ದನ್ನು ನಾನು ಮೊದಲು ಕಂಡದ್ದು ಭದ್ರಾವತಿಯಲ್ಲಿ. ನಮ್ಮ ಬಿಜಾಪುರದ ಕಡೆ ಘಾಟು ಎದ್ದರೆ "ಯಾರ ಮನ್ಯಾಗ ಖಾರ ಮಾಡಾಕತ್ತಾರ?" ಎನ್ನುತ್ತ ಒಳಗೇ ಬರುತ್ತಾರೆ. ಇಲ್ಲಿ ಮನೆಯ ಒಡತಿ ಕೆಮ್ಮುತ್ತ ಬಾಗಿಲಿಗೆ ಬಂದರು.

"ಇನ್ನೊಂದ್ಸಲ ಹೀಗಾದ್ರೆ ಮನೆ ಖಾಲಿ ಮಾಡ್ಬೇಕಾಗುತ್ತೆ ಮಾರಾಯ್ತಿ!"

ಎಲ್ಲರೂ ಅವರನ್ನು ಪಾಟಿ ಎನ್ನುತ್ತಿದ್ದರು. ತಮಿಳಿನಲ್ಲಿ ಅಜ್ಜಿ ಎಂದರ್ಥ. ಒಂದೇ ಸೂರಿನಲ್ಲಿ ಅರ್ಧ ಅವರದು, ಅರ್ಧ ನಮ್ಮ ಬಾಡಿಗೆಮನೆ. ಯಜಮಾನರ ಕಾರ್ಖಾನೆ ಕೆಲಸಕ್ಕೆಂದು ಬಂದ ನಾನು ಇಲ್ಲಿನವರ ಹಾಗೆ 'ಬರ್ತೀನಿ', 'ಹೋಗ್ತೀನಿ' ಕಲಿತಿದ್ದೆ, ರೊಟ್ಟಿ ಕಡಿಮೆ ಮಾಡಿ ಅನ್ನ ಉಂಡಿದ್ದೆ. ಖಾರವನ್ನೂ ಬಿಟ್ಟರೆ ನನ್ನದೆಂದು ಏನು ಉಳಿಯುತ್ತದೆ? ಬಿಡುವುದಿಲ್ಲ ಎಂದು ಹಟ ಹಿಡಿದೆ.

ಅಡುಗೆಮನೆಯಲ್ಲಿ ಕಟ್ಟಿಗೆ ಒಲೆಯ ಕಾಲದ ಹೊಗೆಗೂಡಿತ್ತು, ಬಾಯಿಗೆ ತಗಡು ಹೊಡೆದಿದ್ದರು. ಶಿವಮೊಗ್ಗದಿಂದ, ಘಾಟು ಎಳೆದು ಹೊರಹಾಕುವ ಫ್ಯಾನಿನ ಹುಡ್ ಒಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. "ಏನಾದ್ರೂ ಮಾಡ್ಕೋ" ಎಂದರು ಪಾಟಿ. ತಗಡು ಕೀಳಿಸಿ, ಹುಡ್ಡಿನ ಕೊಳವೆಯನ್ನು ಗೂಡಿಗೆ ಸೇರಿಸಿದೆ. ಬೇಸಿಗೆಯೆಲ್ಲ ಸುಖವಾಗಿತ್ತು.

ಮಳೆ ಹಿಡಿದ ಬೆಳಿಗ್ಗೆ ಒಗ್ಗರಣೆಗೆ ಮೆಣಸಿನಕಾಯಿ ಹಾಕಿ ಸ್ವಿಚ್ ಒತ್ತಿದೆ. ಗೋಡೆಯಾಚೆ ಪಾಟಿ ಕಿರುಚಿದರು. ಮಳೆಗಾಲಕ್ಕೆಂದು ಅವರು ಬಚ್ಚಲ ಹಂಡೆಗೆ ಉರಿ ಹಾಕಿದ್ದರು. ಆ ಒಲೆಯ ಹೊಗೆಯೂ ಇದೇ ಗೂಡು ಸೇರುತ್ತಿತ್ತು. ನನ್ನ ಫ್ಯಾನು ಖಾರವನ್ನೂ ಹೊಗೆಯನ್ನೂ ಕೂಡಿಸಿ ಅವರ ಬಚ್ಚಲಿಗೆ ನೂಕಿತ್ತು. ಅಂಗಳದ ಬಯಲಿನಲ್ಲಿ ನೀರು ಕಾಯಿಸಿ ಬೆಳೆದ ನನಗೆ, ಬಚ್ಚಲಿಗೂ ಹೊಗೆಗೂಡು ಬೇಕೆಂಬುದು ಹೊಳೆದೇ ಇರಲಿಲ್ಲ.

ಪಾಟಿ ಒದ್ದೆ ತಲೆಯಲ್ಲೇ ಬಂದರು. ಕಣ್ಣು ಕೆಂಡ.

"ಮನೆ ಬೇಕಾದ್ರೆ ಬಿಡ್ತೀನಿ ಪಾಟಿ, ಖಾರ ಬಿಡಲ್ಲ" ಎಂದುಬಿಟ್ಟೆ.

ಅವರು ಹೊಸ್ತಿಲಾಚೆ ಕುಳಿತರು. "ನಮ್ಮಪ್ಪ ಸೇಲಂ ಕಡೆಯಿಂದ ಕಾರ್ಖಾನೆಗೆ ಬಂದಾಗ, ಅಮ್ಮ ಕಿಟಕಿ ಮುಚ್ಚಿ ಕರುವಾಡು ಸುಡೋಳು, ಒಣಮೀನು. ಅಕ್ಕಪಕ್ಕದೋರು ಮೂಗು ಮುಚ್ಕೊಳ್ಳೋರು. ಆಮೇಲೆ ಸುಡೋದನ್ನೇ ಬಿಟ್ಲು. ಈಗ ನಂಗೆ ಅದರ ರುಚಿನೇ ನೆನಪಿಲ್ಲ."

ಆ ವಾರವೇ ಅವರು ಹಂಡೆಯ ಒಲೆಗೆ ಬೇರೆ ತಗಡಿನ ಕೊಳವೆ ಹಾಕಿಸಿದರು. ಗೂಡಿನ ಮಸಿ ತೆಗೆಸಿ, ಬಚ್ಚಲ ಕಡೆಯ ತೂತಿಗೆ ಗಾರೆ ಮೆತ್ತಿಸಿದರು. "ನಿನ್ನ ಘಾಟು ಊರ ಮೇಲೆ ಹೋಗ್ಲಿ ಬಿಡು" ಎಂದು ನಕ್ಕರು. ಹೊಗೆಗೂಡು ನನ್ನದಾಯಿತು.

ಮೊನ್ನೆ ತವರಿಗೆ ಹೋಗಿದ್ದೆ. ಅವ್ವ ಮೆಣಸಿನಕಾಯಿ ಹುರಿದಾಗ ಎಲ್ಲರಿಗಿಂತ ಮೊದಲು ಕೆಮ್ಮಿದವಳು ನಾನು. ಕೈ ತಾನಾಗಿ ಗೋಡೆಯ ಮೇಲೆ ಸ್ವಿಚ್ ತಡಕುತ್ತಿತ್ತು.

"ಇಕಿಗೂ ಘಾಟ ಹತ್ತಿತು ನೋಡ್ರಿ!" ಎಂದು ಅವ್ವ ನಕ್ಕಳು. ನಾನೂ ನಕ್ಕೆ, ನಾಚಿಕೆಯೂ ಆಯಿತು. ಭದ್ರಾವತಿಯಲ್ಲಿ ಇಂದಿಗೂ ನನ್ನನ್ನು ಖಾರದ ಮನೆಯವಳು ಎಂದೇ ಕರೆಯುತ್ತಾರೆ. ಹುಟ್ಟಿದ ಮನೆಯಲ್ಲಿ ಮಾತ್ರ ನಾನೀಗ ಕೆಮ್ಮುವವಳು.